ಟಕ್ಕು

ಗುತ್ತಲು ರಸ್ತೆಯ ನನ್ನ ಅಂಗಡಿಗೆ
ಸಿಂಗ್ರಯ್ಯನವರು ಅದನ್ನು ತಂದದ್ದು ಅಕ್ಕಿಚೀಲದಲ್ಲಿ,
ಹಳೇ ಪಂಚೆ ಸುತ್ತಿ,
ಮೇಲೊಂದು ಕಟ್ಟು ಕೊತ್ತಂಬರಿ.

ಪ್ರೀಆಂಪು. ಅಳಿಯ ಹೊಸದು ಕೊಂಡು ಹಳೆಯದು ಕೊಟ್ಟದ್ದು.
"ಪ್ಲೇಟು ಹಾಕಿದ್ರೆ ಪ್ಲೇಟಿನಂಗಿಲ್ಲ ಕನವ್ವ,
ಯಾರೋ ನಡುವೆ ನಿಂತ್ಕಂಡು
ಓದಿ ಹೇಳ್ದಂಗದೆ."

ಮುಚ್ಚಳ ಬಿಚ್ಚಿದೆ. ನಾಲ್ಕು ಸ್ಕ್ರೂ, ಒಂದು ಸತ್ತ ಜಿರಳೆ.
ಇದು ದನಿ ಹುಟ್ಟಿಸುವ ಯಂತ್ರವಲ್ಲ,
ಸ್ಪೀಕರನ್ನು ಅಲ್ಲಾಡಿಸಲು ಮುಂದೆ ಬೇರೆ ಗಟ್ಟಿಗನಿದ್ದಾನೆ.
ಈಗ ಯಾರ ಪಾಳಿ, ಯಾರಿಗೆ ಎಷ್ಟು,
ಅಷ್ಟು ನೋಡಿಕೊಂಡರೆ ಸಾಕು ಇದು.
ನಮ್ಮಪ್ಪ ವಿ.ಸಿ. ನಾಲೆಯ ನೀರುಗಂಟಿ.
ನೀರು ಅವನದಲ್ಲ, ಗದ್ದೆಯೂ ಅವನದಲ್ಲ,
ಹೆಗಲ ಮೇಲಿನ ಗುದ್ದಲಿ ಮಾತ್ರ ಅವನದು.

ಹಿಂಬದಿಗೆ ಕೆಂಪು ಬಿಳಿ ತೂತುಗಳ ಸಾಲು.
ಟೇಪು, ರೇಡಿಯೊ: ಹರಿದು ಬರುವ ನೀರು.
ಪ್ಲೇಟಿನದು ಬರೀ ಜಿನುಗು,
ಅದಕ್ಕೆ ಬೇರೆ ಕೋಣೆ; ಅಲ್ಲಿ ಮೈ ತುಂಬಿಸಿ,
ಕೊರೆಯುವಾಗ ಕಿತ್ತುಕೊಂಡ ಮಂದ್ರವನ್ನು ವಾಪಸು ಕೊಟ್ಟು
ಆಮೇಲೆ ಸಾಲಿಗೆ ಬಿಡಬೇಕು.
ಪಕ್ಕದಲ್ಲೇ ಗಾಜಿನ ಎಳೆಗೊಂದು ಚೌಕ ಬಾಗಿಲು.
ಅಲ್ಲಿ ಬರುವುದು ನೀರಲ್ಲ,
ನೀರಿನ ಲೆಕ್ಕ.

"ಲೆಕ್ಕ ಅಂದ್ರೆ?"
ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ
ಮೂವತ್ತೊಂದು ಹಂಗಾಮು ಕಬ್ಬಿನ ಗಾಡಿ ತೂಗಿದವರು ಕೇಳುತ್ತಾರೆ!
ಮುಳ್ಳಿನ ಕಾಟಾ ಹೋಗಿ ಅಂಕಿಯದು ಬಂತಲ್ಲ, ಹಾಗೆ, ಅಂದೆ.
ಮುಳ್ಳು ನಡುಗಿ, ಆ ಕಡೆ ಈ ಕಡೆ ನೋಡಿ ನಿಲ್ಲೋದು,
ಅಂಕಿ ನೆಗೆಯೋದು.
ಇಲ್ಲೊಂದು ಚಿಪ್ಪು ಕೂತು
ಸೆಕೆಂಡಿಗೆ ನಲವತ್ತನಾಲ್ಕು ಸಾವಿರದ ನೂರು ಸಲ
ತೂಗಿ ಚೀಟಿ ಬರೆಯುತ್ತೆ. ಆಚೆಯ ಚಿಪ್ಪು
ಚೀಟಿ ಓದಿ ಮತ್ತೆ ಕಬ್ಬು ಮಾಡುತ್ತೆ.
"ಚೀಟಿಯಿಂದ ಕಬ್ಬು ಆಯ್ತದಾ?"
ಆಗುತ್ತೆ.
ಜಲ್ಲೆಗೆ ಜಲ್ಲೆ, ಗೆಣ್ಣಿಗೆ ಗೆಣ್ಣು.
ಅಷ್ಟು ಹೇಳಿ ನನಗೂ ಒಂದು ಗಳಿಗೆ ಸುಮ್ಮನಿರಬೇಕೆನಿಸಿತು.

ರೋಗ ಸಿಕ್ಕಿತು: ಅಳಿಯ ಪ್ಲೇಟನ್ನೂ
ಲೆಕ್ಕದ ಮನೆ ಹಾಯಿಸಿಯೇ ಬಿಡುವಂತೆ ಇಟ್ಟಿದ್ದ,
ಮಂದ್ರ ತಾರ ತಿದ್ದುವ ಆಸೆಗೆ.
"ನೇರ" ಅನ್ನೋ ಗುಂಡಿ ಒತ್ತಿದರೆ
ತಿದ್ದೋ ಬಿರಡೆಗಳೆಲ್ಲ ಸತ್ತ ಹಾಗೆ,
ನಾಲೆಯಿಂದ ಸೀದಾ ಗದ್ದೆಗೆ.
"ನೇರಾನೇ ಇರ್ಲಿ," ಅಂದರು. "ನಂಗೆ ಗೊತ್ತಾಯ್ತದೆ."

ಗೊತ್ತಾಗಲ್ಲ ಅಂತ ನನ್ನ ಹಟ.
ಕಾನಡದ ಒಂದು ಕ್ಲಾರಿಯೊನೆಟ್ ಪ್ಲೇಟು ಹಾಕಿ,
ಮುಂಭಾಗಕ್ಕೆ ಅವರದೇ ಪಂಚೆ ಹೊದಿಸಿ,
ಅವರನ್ನು ರಸ್ತೆ ಕಡೆ ತಿರುಗಿಸಿ ಕೂರಿಸಿ
ಒಳಗೆ ಕೈಯಾಡಿಸಿದೆ: ನೇರ, ಬಳಸು,
ಬಳಸು ಅಂತ ತೋರಿ ಮತ್ತೆ ನೇರ.
"ನೇರ," ಅಂದರು. "ಈಗ ಚೀಟಿ." "ಮತ್ತೆ ನೇರ ತಾನೆ?"
ಹನ್ನೊಂದು ಸಲ. ಹನ್ನೊಂದೂ ಸರಿ.

ನನ್ನ ಕಿವಿ ನನಗೇ ನಾಚಿಕೆ.
ಅಂಥ ಕಿವಿ ಎಲ್ಲಿಂದ ತಂದಿರಿ, ಕೇಳಿದೆ.

ಅವರು ಎಲೆಅಡಿಕೆ ಮಡಿಸುತ್ತಾ, ತಿರುಗದೆ,
"ಹಾಡ ಕೇಳ್ದೆ ಅಂದ್ಕಂಡ್ಯಾ?
ನೇರಕ್ಕೋದ್ರೆ ಒಳಗೆ ಒಂದು ಟಕ್.
ಬಳಸ್ಕಂಡ್ ಬಂದ್ರೆ ಎರಡು.
ಕಾಟಾ ಮೇಲೆ ಕದ್ದು ಕಾಲಿಡೋ ಗಾಡಿಯೋನ್ನ
ಮುಳ್ಳು ನೋಡಿ ಹಿಡ್ದೋನಲ್ಲ ನಾನು,
ಹಲಗೆ ಕಿರ್ ಅನ್ನೋದ ಕೇಳಿ ಹಿಡ್ದೋನು.
ಟಕ್ಕು ಮಾಡಕ್ ಬಂದೆ,
ನಿನ್ ಟಕ್ಕೇ ನಿನ್ನ ತೋರ್ಸ್‌ಕೊಡ್ತು."

ರಿಲೇಗಳು. ಅಕ್ಕಿಕಾಳಿನಷ್ಟು ನಾಲಗೆಯ ತೂಬುಗಳು.
ಅಪ್ಪನೂ ಹೀಗೇ, ಜಗಲಿ ಮೇಲೆ ಮಗ್ಗುಲು ಬದಲಿಸುತ್ತಾ
"ಯಾವನೋ ಏಳನೇ ತೂಬು ಎತ್ತಿದ" ಅನ್ನುತ್ತಿದ್ದ
ಕತ್ತಲಿಗೆ.
ನೀರಿನ ಸದ್ದಲ್ಲ, ಹಲಗೆಯ ಸದ್ದು.
ಅವನದೇ ಒಂದು ಮಾತು ಸಿಂಗ್ರಯ್ಯನವರಿಗೂ ಹೇಳಿದೆ:
ಪಾಳಿ ಬದಲಿಸುವ ಮೊದಲು ಹರಿವು ತಗ್ಗಿಸಿ,
ಇಲ್ಲದಿದ್ದರೆ ಬದು ಒಡೆಯುತ್ತೆ.
ದನಿಯ ಬಿರಡೆ ಎಡಕ್ಕೆ, ಆಮೇಲೆ ಗುಂಡಿ.

ಇನ್ನೂರು ಕೇಳಿದೆ.
ನೂರೆಂಬತ್ತು ಕೊಟ್ಟರು,
ಮಿಕ್ಕ ಇಪ್ಪತ್ತಕ್ಕೆ
ಕೊತ್ತಂಬರಿ.