ಬಿಸಿಲುಕೋಲು

ಅಸ್ಗರನಿಗಿಂತ ಮೊದಲು ಅಸ್ಗರನ ಕೆಮ್ಮು ಬರುತ್ತದೆ.
ಅಂಗಳದ ಜಲ್ಲಿ ದಾಟಿ, ಡೀಸೆಲ್ ಟ್ಯಾಂಕು ದಾಟಿ
ಹಂದಿಮನೆಯ ಬಾಗಿಲಲ್ಲಿ ನಿಂತು
ಒಡೆಯನಿಗೆ ಕಾಯುತ್ತದೆ, ಸಾಕುನಾಯಿಯ ಹಾಗೆ.

ಒಳಗೆ ಆರುನೂರು ಹಂದಿ.
ಡೆನ್ಮಾರ್ಕಿನ ಫೆಬ್ರವರಿ; ಕಿಟಕಿ ಬಿಗಿದು
ಫ್ಯಾನುಗಳನ್ನು ಅರೆವೇಗಕ್ಕೆ ಇಳಿಸಿದ ತಿಂಗಳು.
ಬೆಚ್ಚಗಿರಬೇಕೆಂದರೆ ಒಬ್ಬರ ಉಸಿರು ಒಬ್ಬರು ಕುಡಿಯಬೇಕು.

ಧೂಳೆಂದರೆ ಮಣ್ಣು ಅಂದುಕೊಂಡಿದ್ದೆ.
ರುಮೇನಿಯಾದ ನನ್ನೂರ ದಾರಿಯಲ್ಲಿ ಏಳುತ್ತಿದ್ದುದು ಮಣ್ಣೇ,
ಕೊಡವಿದರೆ ಹೋಗುವಂಥದು.
ಇದು ಬಾರ್ಲಿಯ ಹಿಟ್ಟು, ಹಂದಿಯ ಚರ್ಮದ ಹೊಟ್ಟು,
ಒಣಗಿದ ಹೇಲು, ಮುರಿದ ಕೂದಲು, ನೊಣದ ರೆಕ್ಕೆ;
ತಿಂದದ್ದು, ಬಿಟ್ಟದ್ದು, ಕಳಚಿಕೊಂಡದ್ದು
ವಸ್ತ್ರಗಾಳಿತವಾಗಿ ಗಾಳಿಯಲ್ಲೇ ನಿಂತುಬಿಟ್ಟಿದೆ.
ಸಂಜೆ ಮೂಗು ಸೀನಿದರೆ
ಕರವಸ್ತ್ರದಲ್ಲಿ ಇಡೀ ಹಂದಿಮನೆ.

ಮಾಸ್ಕು ಮೊಳೆಯಲ್ಲಿ ನೇತಾಡುತ್ತದೆ.
ಅಸ್ಗರ್ ಅದನ್ನು ತೊಟ್ಟದ್ದು ಒಂದೇ ದಿನ, ತಪಾಸಣೆಯವರು ಬಂದಾಗ.
‘ನನ್ನಪ್ಪ ತೊಡಲಿಲ್ಲ’ ಅಂದ.
ಅಪ್ಪ ಐವತ್ತೆಂಟಕ್ಕೇ ಹೋದನೆಂದು
ಹೇಳಿದವಳು ತಂಗಿ ಥೂರಾ, ಬಕೆಟ್ಟು ತೊಳೆಯುತ್ತ, ನನಗೆ ಮಾತ್ರ.
ಇನ್ನೊಂದನ್ನೂ ಹೇಳಿದಳು:
ಚರ್ಚಿನ ಹಾಡುಗಾರರಲ್ಲಿ ಎಲ್ಲರಿಗಿಂತ ಕೆಳಗಿನ ಸ್ವರ ಅಣ್ಣನದಂತೆ,
ಬೆಂಚು ನಡುಗುತ್ತಿತ್ತಂತೆ.
ಈಗ ಅವನು ಪುಟ ತಿರುವುತ್ತಾನೆ.

ಜನವರಿಯಲ್ಲೇ ಥೂರಾ ಪಂಪು ತಂದಳು, ಕೊಳವೆ ಎಳೆಸಿದಳು.
ಎಣ್ಣೆ ಅವರದೇ ಹೊಲದ್ದು, ರಾಪ್ಸ್,
ಸಾಸಿವೆಯ ದಾಯಾದಿ, ಮೇ ತಿಂಗಳಲ್ಲಿ ಕಣ್ಣು ಕುಕ್ಕುವ ಹಳದಿ.
ದಿನಕ್ಕೊಮ್ಮೆ, ಹಂದಿಗೆ ಒಂದು ಸಣ್ಣ ಚಮಚೆ.
‘ಹನಿಯಾಗಿ ಬೀಳಲಿ, ಮಂಜಾಗಿ ಏಳದಿರಲಿ,
ಎದ್ದರೆ ಅದನ್ನೂ ಉಸಿರಾಡಬೇಕು ನಾವೇ.’
ಅಸ್ಗರ್ ಬಾಗಿಲಿಂದಲೇ ನಕ್ಕ:
‘ಹಂದಿಗೆ ಎಣ್ಣೆಸ್ನಾನ! ಇನ್ನು ಬಾಣಲೆ ಒಂದೇ ಬಾಕಿ.’
ನಕ್ಕದ್ದಕ್ಕೆ ಕೆಮ್ಮು ಬಡ್ಡಿ ವಸೂಲು ಮಾಡಿತು.

ಮೊದಲ ವಾರ ತೂತು ಕಟ್ಟಿತು. ಸೂಜಿ ಹಿಡಿದು ಬಿಡಿಸಿದೆ.
ಎರಡನೆಯ ವಾರ ಜಾರಿ ಬಿದ್ದು ಮೊಣಕೈ ಊದಿತು,
ಬಿದ್ದಲ್ಲೇ ಒಂದು ಹಂದಿ ಬಂದು ಕಿವಿ ನೆಕ್ಕಿತು.
ಥೂರಾ ಅಳತೆ ಇಳಿಸಿದಳು.

ಮೂರನೆಯ ವಾರ ಒಂದು ಮಧ್ಯಾಹ್ನ
ಅಸ್ಗರ್ ಒಳಗೇ ಬಂದ. ಸುತ್ತ ನೋಡಿದ. ‘ಕೋಲೆಲ್ಲಿ?’

ತೆಂಕಣ ಕಿಟಕಿಯಿಂದ ಓರೆಯಾಗಿ ಇಳಿಯುತ್ತಿದ್ದ ಬಿಸಿಲುಕೋಲು.
ಅದು ಮೂರನೆಯ ಗೂಡು ಮುಟ್ಟಿದರೆ ಮೇವಿನ ಹೊತ್ತು
ಎಂದು ಅವನಪ್ಪ ಕಲಿಸಿದ್ದ.
ಈಗ ಗೋಡೆಯ ಮೇಲೆ ಬಿಸಿಲಿದೆ, ಒಂದು ಹಂದಿಯ ಬೆನ್ನ ಮೇಲೆ ಬಿಸಿಲಿದೆ,
ನಡುವೆ ಏನೂ ಇಲ್ಲ.
ಗಾಜು ಕೊಳೆಯಾಗಿದೆಯೆಂದು ಅವನು ತೋಳಿನಿಂದ ಒರೆಸಿದ.
ಮತ್ತೆ ನೋಡಿದ.

‘ಆ ಕೋಲು ಬಿಸಿಲಿನದಲ್ಲ, ಅಣ್ಣ’ ಅಂದಳು ಥೂರಾ.

ಅವನು ಏನೂ ಹೇಳಲಿಲ್ಲ.
ಬರಿಯ ಗಾಳಿಯಲ್ಲಿ ಕೈ ಚಾಚಿದ, ಅಂಗೈ ಬೆಳಗಿತು.
ತೆಗೆದ. ಮತ್ತೆ ಚಾಚಿದ.
ಒಳಗೆ ಹೋದದ್ದು ಹೊರಗೆ ಬರುವುದಿಲ್ಲವೆಂದು ವೈದ್ಯೆ ಹೇಳಿದ್ದಾಳೆ;
ಎದೆಗೆ ಯಾವ ಎಣ್ಣೆಯೂ ಇಲ್ಲ.

ಆಮೇಲೆ ಮೊಳೆಯಿಂದ ಮಾಸ್ಕು ತೆಗೆದು
ಅದರ ಮೇಲಿದ್ದುದನ್ನು ಫೂ ಎಂದು ಊದಿದ.
ಕೋಲು ಒಂದು ಗಳಿಗೆ ಎದ್ದು ನಿಂತು
ನೆಲದ ಎಣ್ಣೆಗೆ ಇಳಿಯಿತು.

‘ವಿಯೋರಿಕಾ, ಗಂಟೆ ಎಷ್ಟು?’ ಎಂದ.
ಹಂದಿಗಳು ಆಗಲೇ ಕಿರುಚತೊಡಗಿದ್ದವು.