ಉಪ್ಪು ತಿಂದ ತಗಡು

ಲ್ಯೂಡರಿಟ್ಸಿಗೆ ಮಳೆ ಬರುವುದಿಲ್ಲ; ಬಂದರೂ
ನೆಲ ನೆನೆಯುವ ಮೊದಲೇ ಹೊರಟುಹೋಗುತ್ತದೆ.
ಬರುವುದು ಮಂಜು.
ನಸುಕಿನಲ್ಲಿ ಕಡಲಿನಿಂದೆದ್ದು
ಚಪ್ಪಲಿ ಬಿಚ್ಚಿಟ್ಟ ಕಳ್ಳನ ಹಾಗೆ ಒಂದೊಂದೇ ಮಾಡು ಹತ್ತಿ
ತಗಡಿನ ಒಂದೊಂದು ಅಲೆಗೂ ಉಪ್ಪು ಸವರಿ
ಒಂಬತ್ತಕ್ಕೆಲ್ಲ ಮಾಯ.
ಆಮೇಲೆ ಗಾಳಿ. ಮರಳು ಹೊತ್ತ ಗಾಳಿ.
ಹಚ್ಚಿದ ಬಣ್ಣವನ್ನು ಉಗುರಿನಲ್ಲಿ ಕೆರೆದು ನೋಡುವ ಗಾಳಿ.

ಈ ಎರಡರ ನಡುವೆ ಅಪೊಲೋನಿಯಾ ಚಿಕ್ಕಮ್ಮ
ಮೂವತ್ತೊಂದು ವರ್ಷ ಏಣಿ ಹಾಕಿದಳು.

"ಬಣ್ಣ ಆಮೇಲೆ. ಮೊದಲು ನೀರು."
ಕುಡಿಯುವ ನೀರನ್ನು ಅಳೆದು ಅಳೆದು ಬಳಸುವ ಊರು;
ಅಲ್ಲಿ ಎರಡು ಬಕೆಟ್ ಸಿಹಿನೀರು ಹೊತ್ತು ಮೇಲೇರಿ
ತಗಡಿಗೆ ಮೀಸುವವಳನ್ನು ಕಂಡು
ಮೀನು ಕಾರ್ಖಾನೆಯ ಹೆಂಗಸರು ಏಪ್ರನ್ ಬಾಯಿಗೆ ಒತ್ತಿ ನಕ್ಕರು.
ನಗಲಿ.
ಉಪ್ಪು ತಿಂದವನು ನೀರು ಕುಡಿಯಲೇಬೇಕು,
ತಗಡೇನು ಬೇರೆಯೇ?
ಸೂರಿನ ಅಡಿಯನ್ನು ಮಾತ್ರ ಅವಳು ನನಗೆ ಬಿಡುತ್ತಿರಲಿಲ್ಲ.
ಯಾರ ಕಣ್ಣಿಗೂ ಬೀಳದ ಕಡೆ, ಒಂದು ಹನಿಯೂ ತೊಳೆಯದ ಕಡೆ
ತುಕ್ಕು ಮೊದಲು ಮನೆ ಮಾಡುತ್ತದಂತೆ.
ಅಂಗಾತ ಮಲಗಿ, ಬಟ್ಟೆ ಹಿಂಡಿ, ಒರೆಸಿ,
ಬಟ್ಟೆಯ ಮೂಲೆಯನ್ನು ನಾಲಗೆಗೆ ತಾಗಿಸಿ ನೋಡುವಳು:
"ಇನ್ನೂ ಇದೆ."

ಒಮ್ಮೆ ಕಾರ್ಖಾನೆಯ ಮ್ಯಾನೇಜರ್ ಊಲ್‌ರಿಖ್ ಓಡಿ ಬಂದ.
ಗುರುವಾರ ತಪಾಸಣೆ. ಮೇಲೆಮೇಲೆ ಒಂದು ಕೈ ಬಳಿದುಬಿಡು, ಹಸಿರು.
ಚಿಕ್ಕಮ್ಮ ಸ್ಕ್ರೂಡ್ರೈವರ್ ತೆಗೆದು
ಗೋಡೆಯ ತಗಡಿಗೆ, ಬಾಗಿಲು ತಟ್ಟಿದಷ್ಟೇ ಮೆಲ್ಲಗೆ, ತಾಗಿಸಿದಳು.
ಹಿಡಿತನಕ ಒಳಗೆ ಹೋಯಿತು.
ಅವಳು ಏನೂ ಅನ್ನಲಿಲ್ಲ,
ಉದುರಿದ ಕಂದು ಹಕ್ಕಳೆಯನ್ನು ಅವನ ಅಂಗೈಗೆ ಹಾಕಿ
ಏಣಿ ಮಡಚಿದಳು.
ಆ ತಿಂಗಳು ನಾವು ಬರೀ ಬ್ರೆಡ್ಡು ಚಹಾ.

ಕೆಲಸ ಕಲಿಸಿದ್ದು ಹೀಗೆ: ತಂತಿಯ ಬ್ರಶ್ಶಿನಲ್ಲಿ ಉಜ್ಜು,
ತಗಡು ತಣ್ಣಗೆ ಹೊಳೆಯುವ ತನಕ ಉಜ್ಜು.
ಮಂಜು ಆರಿದ ಮೇಲೆ, ಗಾಳಿ ಏಳುವ ಮೊದಲು,
ಆ ಎರಡು ಗಂಟೆಯಲ್ಲೇ ಸತುವಿನ ಬಣ್ಣ.
ಸತು ತಾನು ಸವೆದು ಕಬ್ಬಿಣ ಕಾಯುತ್ತದೆ.
ತ್ಯಾಗವೇ, ಎಂದು ಕೇಳಿದೆ, ಭಾನುವಾರದ ಪ್ರವಚನದ ಗುಂಗಿನಲ್ಲಿ.
"ಎಂಥ ತ್ಯಾಗ? ಅದರ ಸ್ವಭಾವ. ಡಬ್ಬಿ ಕಲಕು, ತಳ ಹಿಡಿಯುತ್ತಿದೆ."

ಮತ್ತೆ, ತಾಮ್ರವನ್ನು ಮಾಡಿನ ಹತ್ತಿರ ಸೇರಿಸಬೇಡ.
ಪಕ್ಕದಲ್ಲಿ ಕೂತರೆ ಸಾಕು, ನಡುವೆ ಒಂದಿಷ್ಟು ತೇವವಿದ್ದರೆ ಸಾಕು,
ತಾನು ಕಿಲುಬನ್ನೂ ಕಟ್ಟದೆ
ಸತುವನ್ನು ಮುಗಿಸುತ್ತದೆ.

ಇದನ್ನು ಕೇಳಿದ ದಿನ ನಾನು ಮಾತಾಡಲಿಲ್ಲ.

ಯಾಕೆಂದರೆ ಹನ್ನೊಂದನೆಯ ವಯಸ್ಸಿನಲ್ಲಿ
ಒಂದು ಫುಟ್‌ಬಾಲ್ ಪಂದ್ಯಕ್ಕಾಗಿ
ಹಳೇ ಮೋಟರಿನಿಂದ ಬಿಚ್ಚಿದ ತಾಮ್ರದ ತಂತಿಯನ್ನು
ನಮ್ಮದೇ ಮಾಡಿನ ಉದ್ದಕ್ಕೂ ಎಳೆದು
ರೇಡಿಯೋಗೆ ಕಟ್ಟಿದ್ದೆ. ಬಿಚ್ಚಲು ಮರೆತಿದ್ದೆ.

ಹೋದ ಚಳಿಗಾಲ ಆ ಮಾಡು ಇಳಿಸಿದೆವು.
ಅವಳ ಮೊಣಕಾಲು ಈಗ ಏಣಿಗೆ ಒಗ್ಗುವುದಿಲ್ಲ;
ಕೆಳಗೆ ಕುರ್ಚಿ ಹಾಕಿ ಕೂತಿದ್ದಳು.
ತಗಡು ಎತ್ತಿ ಆಕಾಶಕ್ಕೆ ಹಿಡಿದೆ:
ಒಂದು ಗೆರೆ.
ಬಳಪದಲ್ಲಿ ಎಳೆದಷ್ಟು ನೇರ, ಸೂಜಿಗಣ್ಣಿನ ತೂತುಗಳ ಸಾಲು,
ಒಂದೊಂದರಲ್ಲೂ ಒಂದೊಂದು ಚೂರು ಬೆಳಕು.
ಅದರ ಕೆಳಗೇ, ಇಷ್ಟು ವರ್ಷ, ಅವಳ ಹಾಸಿಗೆಯ ತಲೆದೆಸೆ.
ನಸುಕಿನ ಹನಿಗೆ ಅವಳಿಟ್ಟ ಎನಾಮಲ್ ಬೋಗುಣಿ.

"ಗೊತ್ತಿತ್ತಾ?"

ಅವಳು ಕಣ್ಣು ಕಿರಿದು ಮಾಡಿ ಗೆರೆಯನ್ನು ಈ ತುದಿಯಿಂದ
ಆ ತುದಿಗೆ ಓದಿದಳು.
"ಅವತ್ತು ಗೆದ್ದಿದ್ದು ಯಾರು?"

ಬ್ಯಾಟರಿ ಅರ್ಧದಲ್ಲೇ ಸತ್ತಿತ್ತು, ಚಿಕ್ಕಮ್ಮಾ.
ಇವತ್ತಿಗೂ ಗೊತ್ತಿಲ್ಲ.

"ಸರಿ. ಹೊಸ ತಗಡು ಹಾಕುವ ಮೊದಲು
ಕೈ ತೊಳೆದುಕೋ," ಅಂದಳು,
"ಬೆವರಿನಲ್ಲೂ ಉಪ್ಪಿದೆ."