ಗುಳಿ

ಮಲ್ಪೆ ಬಂದರಿನಿಂದ ಮೇಲೆ ಬರುವ ರಸ್ತೆಯಲ್ಲಿ
ಐಸ್ ಪ್ಲಾಂಟಿನ ಎದುರು ನನ್ನ ಮೆಡಿಕಲ್.
ಹದಿನೇಳು ವರ್ಷ ಡಾಕ್ಟರುಗಳ ಅಕ್ಷರ ಓದಿ ಓದಿ
ಎರಡು ಸಲ ಕನ್ನಡಕ ಬದಲಾಯಿತು.
ಈಗ ಚೀಟಿ ಬರುವುದು ಫೋನಿನಲ್ಲಿ,
ಮುದ್ದಾಗಿ ಟೈಪಾಗಿ, ಸಹಿ ಸಮೇತ.
ಓದಲು ಕಷ್ಟವಿಲ್ಲ.
ಹಾಗಂತ ಸುಲಭವೂ ಅಲ್ಲ.

ಇವತ್ತು ಹನ್ನೊಂದೂವರೆಗೆ ಜಲಜಕ್ಕ
ಮೀನಿನ ಬುಟ್ಟಿ ಇಳಿಸಿ, ಏದುಸಿರಲ್ಲಿ
ಫೋನು ಚಾಚಿದಳು: "ಇದರೊಳಗಿನ ಗುಳಿಗೆ ಕೊಡು ಮಗಾ."
ಹೆಸರು: ಯತೀಶ ಕುಂದರ್.
ವಯಸ್ಸು ಇಪ್ಪತ್ತನಾಲ್ಕು. ಪುರುಷ.
ಬಲೆ ಹೆಣೆಯುವ ಪಕ್ಕದ ಮನೆ ಹುಡುಗ,
'ಕಾಲು ನೋವು' ಅಂತ ಎರಡೇ ಪದ ಒತ್ತಿ ಕಳಿಸಿದ್ದಾನೆ.
ಆ್ಯಪು ಅವನದು, ಕಾಲು ಇವಳದು.

"ಕೊಡಲಿಕ್ಕಾಗದು ಅಕ್ಕಾ,
ಈ ಚೀಟಿ ಪ್ರಕಾರ ನಿನಗೆ ಮೀಸೆ ಇದೆ."
ನಕ್ಕಳು. ನಗು ಅರ್ಧಕ್ಕೇ ದಣಿದು
ಸ್ಟೂಲಿನ ಮೇಲೆ ಕೂತಿತು.

ಮತ್ತೆ ಕರೆ, ಈ ಸಲ ಅವಳದೇ ಹೆಸರಲ್ಲಿ, ವಿಡಿಯೊ.
'ಸರದಿಯಲ್ಲಿ ನಿಮ್ಮ ಮುಂದೆ ಮೂವರು.'
"ಎಲ್ಲಿ ಅವರು?" ಅಂಗಡಿಯ ಸುತ್ತ ನೋಡಿದಳು.
ಬೆಂಚಿಲ್ಲ, ಯಾರೂ ಕೆಮ್ಮುವುದಿಲ್ಲ,
ನಿನಗೇನು, ಎಷ್ಟು ದಿನದಿಂದ, ಯಾವ ಮನೆ
ಎಂದು ಕೇಳುವವರೇ ಇಲ್ಲದ ಸಾಲು.

"ಏನ್ ತ್ರಾಸ ಐತ್ರೀ ಅಮ್ಮಾ?"
ಧಾರವಾಡದ ಕಡೆಯ ಹುಡುಗಿ, ಹಿಂದೆ ನೀಲಿ ಪರದೆ.
"ಬಚ್ಚೆಲ್" ಎಂದಳು ಜಲಜಕ್ಕ, ಅಷ್ಟೇ.
ನಡುವೆ ನಾನು:
ಸುಸ್ತು, ಮೇಡಂ. ಆಯಾಸ. ದಣಿವು.
ಮೂರು ಕೊಟ್ಟೆ, ಒಂದೂ ಸರಿಯಾಗಿ ಕೂರಲಿಲ್ಲ.
"ಏನೂ ಕಾಣವಲ್ದು, ಮಬ್ಬು ಮಬ್ಬು."
ಫೋನು ತಿರುಗಿಸಿದೆ: ಕ್ಯಾಮೆರಾದ ಕಣ್ಣಿಗೆ
ಬಂಗುಡೆಯ ಒಂದು ಹುರುಪೆ.
ಒರೆಸಿದೆ.

"ಕಾಲು ತೋರಸ್ರಿ. ನೀವು, ಅಂಗಡಿಯವರು,
ಮೊಣಕಾಲ ಕೆಳಗ ಹೆಬ್ಬೆರಳಿಲೆ ಒತ್ರಿ. ಐದು ಎಣಸ್ರಿ. ಬಿಡ್ರಿ."
ಹದಿನೇಳು ವರ್ಷದಲ್ಲಿ ಮೊದಲ ಸಲ
ನನ್ನ ಹೆಬ್ಬೆರಳು ಇನ್ನೊಬ್ಬರಿಗೆ ಸಾಲ.
ಒತ್ತಿದೆ. ಎತ್ತಿದೆ.
ಒದ್ದೆ ಮರಳಲ್ಲಿ ಏಡಿ ತೋಡಿದಂತೆ
ಗುಳಿ ಹಾಗೇ ಉಳಿಯಿತು.
ಒಂದು, ಎರಡು, ಏಳು, ಹನ್ನೆರಡು...
ಇನ್ನೊಂದು ಕಾಲಿನಲ್ಲೂ.

"ರಾತ್ರಿ ಮಕ್ಕೊಂಡ್ರ ಉಸಿರು ಹಿಡೀತದೇನ್ರಿ?"
ಮಲಗಿ ಮೂರು ವಾರವಾಯಿತಂತೆ.
ಗೋಡೆಗೊರಗಿ ಕೂತೇ ಬೆಳಗು ಮಾಡುತ್ತಾಳಂತೆ.
ಆಚೆ ಟೈಪಿಂಗ್ ಸದ್ದು ನಿಂತಿತು.

ಹಳೇ ಚೀಟಿ ರದ್ದು. ಹೊಸದು ಬಂತು:
ಜಲಜ ಸಾಲ್ಯಾನ್, ಐವತ್ತೆಂಟು, ಸ್ತ್ರೀ.
ಮದ್ದಿನ ಜಾಗ ಖಾಲಿ.
ಕೆಳಗೆ ಒಂದೇ ಸಾಲು: ಇಂದೇ ಆಸ್ಪತ್ರೆಗೆ ಹೋಗಿ,
ಇದು ಫೋನಿನಲ್ಲಿ ನೋಡುವಂಥದ್ದಲ್ಲ.

"ಮದ್ದಿಲ್ಲದ ಚೀಟಿಗೆ ಇನ್ನೂರೈವತ್ತಾ?"
ಬಾಯಲ್ಲೇ ಮೀನಿನ ಲೆಕ್ಕ ಹಾಕಿದಳು.
ಆಮೇಲೆ: "ಕಾಗದದಲ್ಲಿ ಬರೆದು ಕೊಡು ಮಗಾ,
ಅಲ್ಲಿ ಫೋನು ಆಫ್ ಆದರೆ ನನ್ನನ್ನು ಯಾರು ನಂಬುತ್ತಾರೆ?"
ಬರೆದೆ. ಕೈ ನಡುಗಿ ಅಕ್ಷರ ಸೊಟ್ಟಂಬಟ್ಟ.
ದೂರ ಹಿಡಿದು ನೋಡಿದಳು:
"ಹಾಂ. ಈಗ ಡಾಕ್ಟರು ಬರೆದ ಹಾಗಿದೆ."

ಯತೀಶನ ರಿಕ್ಷಾ ಉಡುಪಿಯ ಕಡೆ ತಿರುಗಿತು.
ಬುಟ್ಟಿ ನನ್ನ ಕೌಂಟರಿನ ಕೆಳಗೆ.
ಇನ್ಸುಲಿನ್ ಇಡುವ ಫ್ರಿಜ್ಜಿನಲ್ಲಿ ಮೀನು ಇಡುವಂತಿಲ್ಲ.
ಎದುರಿನ ಪ್ಲಾಂಟಿನಿಂದ ಐಸು ತಂದು ಸುರಿದೆ,
ಮಧ್ಯಾಹ್ನ ಒಮ್ಮೆ, ಈಗ ಸಂಜೆ ಒಮ್ಮೆ.
ಫೋನು ಇನ್ನೂ ಬಂದಿಲ್ಲ.